ಜಿಂಕೆಗೆ ಯಾವ ತೋಟಾ? ಸಿಂಧಘಟ್ಟದ ಟೀ ಅಂಗಡಿಯಲ್ಲೊಂದು ಬೇಟೆ ಜಿಜ್ಞಾಸೆ

ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಸಂಜೆ ಬಸ್ಸಿಗೆ ಕಾಯುವವರಿಗೆ ಮಾತಿಗೇನೂ ಬರವಿಲ್ಲ. ಕಬ್ಬಿನ ಬಾಕಿ, ತೆಂಗಿನಕಾಯಿ ರೇಟು, ನಾಲೆಗೆ ನೀರು ಯಾವಾಗ ಬಿಡುತ್ತಾರೆ ಎಂಬ ಮಾಮೂಲು ಸಂಗತಿಗಳ ಜೊತೆಗೆ ಈಗ ಹೊಸದೊಂದು ಸೇರಿಕೊಂಡಿದೆ. ಅದು ಜಿಂಕೆ ಬೇಟೆ!

ಗಾಬರಿ ಬೇಡ. ಊರಲ್ಲಿ ಯಾರೂ ಜಿಂಕೆ ಹೊಡೆದಿಲ್ಲ. ಹುಡುಗರ ಮೊಬೈಲಿನಲ್ಲಿ ಟೋಪಿ ಹಾಕಿಕೊಂಡ ಅಮೆರಿಕದ ಆಸಾಮಿಗಳು ಹಗಲುಹೊತ್ತಿನಲ್ಲೇ, ಯಾರ ಭಯವೂ ಇಲ್ಲದೆ, ಮೈತುಂಬ ಬಿಳಿ ಚುಕ್ಕೆ ಇರುವ ಜಿಂಕೆಗಳನ್ನು ಹೊಡೆದು ಕೊಂಬು ಹಿಡಿದು ಫೋಟೋಕ್ಕೆ ನಿಲ್ಲುತ್ತಾರೆ. ಅದನ್ನು ನೋಡಿದ ಹಿರಿಯರಿಗೆ ಆಶ್ಚರ್ಯ.

“ಇದೇನ್ಲಾ, ನಮ್ಮ ಬಂಡೀಪುರದ ಜಿಂಕೆ ಇದ್ದಂಗದೆ?”

“ಅದೇಯ ಕಣ್ ಮಾವ. ಆದ್ರೆ ಇದು ಅಮೆರಿಕ. ಅಲ್ಲಿ ಹೊಡೀಬೋದಂತೆ. ಯಾವ ತೋಟಾ ಹಾಕ್ಬೇಕು ಅಂತ್ಲೂ ಹೇಳ್ಕೊಡ್ತಾನೆ ನೋಡು.”

ಅಲ್ಲಿಂದ ಶುರುವಾಯಿತು ತೋಟಾ ಚರ್ಚೆ. ಊರಲ್ಲಿ ಲೈಸೆನ್ಸ್ ಕೋವಿ ಇಟ್ಟವರೂ ಇದ್ದಾರೆ, ಬರೀ ಬಾಯಲ್ಲೇ ಹುಲಿ ಹೊಡೆದವರೂ ಇದ್ದಾರೆ. ಎರಡನೆಯವರ ಸಂಖ್ಯೆ ಹೆಚ್ಚು ಎಂದು ಬೇರೆ ಹೇಳಬೇಕಾಗಿಲ್ಲ.

ಕಡಲು ದಾಟಿದ ಜಿಂಕೆ

ಹುಡುಗ ಹೇಳಿದ್ದು ಸುಳ್ಳಲ್ಲ. ನಮ್ಮ ಚುಕ್ಕೆ ಜಿಂಕೆ ಮೂಲದಲ್ಲಿ ಭಾರತ ಮತ್ತು ಅಕ್ಕಪಕ್ಕದ ದೇಶಗಳ ಪ್ರಾಣಿ. ಅಮೆರಿಕದ ಟೆಕ್ಸಾಸ್‌ಗೆ ಅದನ್ನು 1932ರಲ್ಲಿ ಒಯ್ದರು. ಬೇಲಿಯೊಳಗೆ ಸಾಕಿದವು ತಪ್ಪಿಸಿಕೊಂಡು ಬಯಲಿಗೆ ಬಿದ್ದು, ಮಂದೆ ಮಂದೆಯಾಗಿ ಬೆಳೆದವು. ಅಲ್ಲಿನ ಕಾನೂನಿನ ಕಣ್ಣಿಗೆ ಅದು ಪರದೇಶಿ ಪ್ರಾಣಿ. ಆದ್ದರಿಂದ ಬೇಟೆಗೆ ಇಂಥದೇ ತಿಂಗಳು ಎಂಬುದಿಲ್ಲ, ಇಷ್ಟೇ ತಲೆ ಎಂಬ ಮಿತಿಯೂ ಇಲ್ಲ. ಬೇಟೆ ಲೈಸೆನ್ಸ್ ಮತ್ತು ಜಮೀನಿನವನ ಒಪ್ಪಿಗೆ ಇದ್ದರೆ ಸಾಕು. ಜಮೀನಿನವನು ಒಪ್ಪಿಗೆಗೆ ಕಾಸು ಎಣಿಸುತ್ತಾನೆ, ಅದು ಬೇರೆ ಮಾತು.

ಹವಾಯಿ ದ್ವೀಪಗಳ ಕಥೆ ಇನ್ನೂ ಹಳೆಯದು. 1860ರ ದಶಕದ ಕೊನೆಯಲ್ಲಿ ಅಲ್ಲಿನ ರಾಜನಿಗೆ ಹಾಂಗ್‌ಕಾಂಗ್‌ನಿಂದ ಕಾಣಿಕೆಯಾಗಿ ಹೋದ ನಾಲ್ಕಾರು ಜಿಂಕೆಗಳ ಸಂತಾನ ಇವತ್ತು ಹುಲ್ಲುಗಾವಲು, ತೋಟ ಎಲ್ಲವನ್ನೂ ಮೇಯ್ದು ರೈತರ ಬಾಯಿಗೆ ಮಣ್ಣು ಹಾಕುತ್ತಿದೆ. ಕಾರಣ ಸರಳ. ಅಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ, ಸೀಳುನಾಯಿ ಇಲ್ಲ. ತಿನ್ನೋರಿಲ್ಲದ ಕಡೆ ಮನುಷ್ಯನೇ ಹುಲಿ ಆಗಬೇಕಾಯಿತು. ನಮ್ಮ ಅಂಡಮಾನ್‌ನಲ್ಲೂ ಇಂಥದೇ ಫಜೀತಿ. ಅಲ್ಲಿಗೆ ಜಿಂಕೆ ಬಿಟ್ಟವರು ಬ್ರಿಟಿಷರು.

ಇಲ್ಲಿ ಹಾಗಲ್ಲ. ಮೈಸೂರಿನಿಂದ ಊಟಿ ಬಸ್ಸು ಹತ್ತಿದವರು ಬಂಡೀಪುರದ ರಸ್ತೆ ಪಕ್ಕದಲ್ಲಿ ನೋಡುವ ಜಿಂಕೆ ಮಂದೆ ಹುಲಿಯ ಊಟದ ತಟ್ಟೆ.

ತೋಟಾ ಪುರಾಣ

ಸರಿ, ಆ ಟೋಪಿ ಆಸಾಮಿ ಹೇಳುವ ತೋಟಾ ಯಾವುದು? ದೊಡ್ಡ ಗಂಡು ಜಿಂಕೆ 70ರಿಂದ 90 ಕಿಲೋ ತೂಗುತ್ತದೆ, ಹೆಣ್ಣು ಅದಕ್ಕಿಂತ ಸಾಕಷ್ಟು ಕಡಿಮೆ. ಇದಕ್ಕೆ ಆನೆ ಹೊಡೆಯೋ ತೋಟಾ ಬೇಡ. ಅಲ್ಲಿಯವರು ಪಾಯಿಂಟ್ 243, ಪಾಯಿಂಟ್ 270, ಪಾಯಿಂಟ್ 308 ಎಂಬ ರೈಫಲ್ ತೋಟಾಗಳನ್ನು ಬಳಸುತ್ತಾರೆ. ಈ ಸಂಖ್ಯೆ ಗುಂಡಿನ ದಪ್ಪ, ಅಂಗುಲದ ಲೆಕ್ಕದಲ್ಲಿ. ಪಾಯಿಂಟ್ 243 ಅಂದರೆ ಆರು ಮಿಲಿಮೀಟರಿಗೆ ಸ್ವಲ್ಪ ಮೇಲೆ, ಪಾಯಿಂಟ್ 308 ಅಂದರೆ ಎಂಟು ಮಿಲಿಮೀಟರಿಗೆ ಸ್ವಲ್ಪ ಕೆಳಗೆ.

ಗುಂಡಿನ ತೂಕ ಗ್ರೈನ್ ಲೆಕ್ಕ. ಒಂದು ಗ್ರಾಂಗೆ ಹದಿನೈದೂವರೆ ಗ್ರೈನ್ ಎಂದು ತಿಳಿದರೆ ಸಾಕು. ಅಕ್ಕಸಾಲಿಗರ ಗುಲಗಂಜಿ ತೂಕ ಕಂಡ ಅಂಗಡಿಯವರಿಗೆ ಇದು ಕಷ್ಟವಲ್ಲ. ಪಾಯಿಂಟ್ 243ರಲ್ಲಿ 100 ಗ್ರೈನ್ ಗುಂಡು, ಅಂದರೆ ಆರೂವರೆ ಗ್ರಾಂ. ಪಾಯಿಂಟ್ 308ರಲ್ಲಿ 150 ಗ್ರೈನ್, ಅಂದರೆ ಹತ್ತು ಗ್ರಾಂಗೆ ಹತ್ತಿರ. ಇಷ್ಟು ಸಣ್ಣದು ಅಷ್ಟು ದೊಡ್ಡ ಪ್ರಾಣಿಯನ್ನು ಹೇಗೆ ಕೆಡವುತ್ತದೆ? ವೇಗದಿಂದ. ಜೊತೆಗೆ ಬೇಟೆ ಗುಂಡಿನ ಮೂತಿ ಮೆತ್ತಗೆ. ಒಳಹೊಕ್ಕ ಕೂಡಲೇ ಅಣಬೆಯ ಹಾಗೆ ಅರಳಿ ಶ್ವಾಸಕೋಶ, ಹೃದಯ ಒಡೆಯುತ್ತದೆ. ಮಿಲಿಟರಿ ಗುಂಡಿನ ಹಾಗೆ ಗಟ್ಟಿ ಕವಚದ್ದಾದರೆ ಸೂಜಿ ಚುಚ್ಚಿದಂತೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೋಗಿಬಿಡುತ್ತದೆ. ಪ್ರಾಣಿ ಮೈಲಿಗಟ್ಟಲೆ ಓಡಿ, ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ.

ಹಾಗಾಗಿ ತಿಳಿದ ಬೇಟೆಗಾರರು ಮೊದಲು ಕೇಳೋದು ಎಷ್ಟು ದೊಡ್ಡ ತೋಟಾ ಅಂತಲ್ಲ. ಮುಂಗಾಲ ಹಿಂದಿನ ಅಂಗೈಯಗಲ ಜಾಗಕ್ಕೆ ಗುಂಡು ಕೂರಿಸೋಕೆ ಬರುತ್ತಾ ಅಂತ. ಜಿಮ್ ಕಾರ್ಬೆಟ್ ಬಳಿ ಇದ್ದ ಹೆಸರಾಂತ ರೈಫಲ್ ಪಾಯಿಂಟ್ 275. ಈಗಿನವರ ಕಣ್ಣಿಗೆ ಅದು ಸಣ್ಣದು, ಆದರೂ ಸಾಹೇಬರು ನರಭಕ್ಷಕಗಳ ಹಿಂದೆ ಅದನ್ನು ಹಿಡಿದು ಅಲೆದರು. ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರದು ಪಾಯಿಂಟ್ 405. ಅವರ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಮೇಲೆ ಆ ಕೋವಿಯೂ ನಮ್ಮೂರ ಹುಡುಗರಿಗೆ ನೆಂಟನಾಯಿತು.

ನಮ್ಮ ದೇಶದಲ್ಲಿ ಸಾಮಾನ್ಯನಿಗೆ ಸಿಗುವ ರೈಫಲ್ ಎಂದರೆ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 315. ಬ್ರಿಟಿಷರು ಸೈನ್ಯದ ಪಾಯಿಂಟ್ 303 ತೋಟಾ ಪ್ರಜೆಗಳ ಕೈಗೆ ಸಿಗಬಾರದೆಂದು ಬೇರೆ ಅಳತೆಯ ತೋಟಾ ಚಲಾವಣೆಗೆ ತಂದರು. ಅವರು ಹೋದರೂ ಅಳತೆ ಉಳಿಯಿತು. ಗುಂಡು 244 ಗ್ರೈನ್. ಜಿಂಕೆಗೆ ಧಾರಾಳ. ಆದರೆ ಜಿಂಕೆಗೆ ತಗಲದೆ ಹೋದರೆ? ಇಂಥ ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹಾರುತ್ತದೆ. ಸಿಂಧಘಟ್ಟದ ಸುತ್ತ ಯಾವ ದಿಕ್ಕಿಗೆ ಆ ದೂರ ಅಳೆದರೂ ಮಧ್ಯೆ ಒಂದು ಊರು, ಒಂದು ಶಾಲೆ, ನಾಲ್ಕು ತೋಟದ ಮನೆ ಬಂದೇ ಬರುತ್ತವೆ.

ಮನೆಯಲ್ಲಿರೋ ಕೋವಿ

ಅಷ್ಟಕ್ಕೂ ನಮ್ಮ ಕಡೆ ಮನೆಗಳ ಗೋಡೆಗೆ ನೇತಾಡುವುದು ರೈಫಲ್ ಅಲ್ಲ. ಒಂದೋ ಅಪ್ಪನ ಕಾಲದ ಕೇಪಿನ ಕೋವಿ, ಇಲ್ಲವೇ ತೋಟಾ ಹಾಕುವ ಒಂಟಿ ನಳಿಗೆ, ಜೋಡು ನಳಿಗೆ. 1959ರ ಆಯುಧ ಕಾಯ್ದೆಯೇ ಬೆಳೆ ಕಾವಲಿಗೆ ಮದ್ದು ತುಂಬುವ ಕೋವಿ ಎಂದು ಹೇಳಿದೆ. ಆತ್ಮರಕ್ಷಣೆಗಾದರೆ ನುಣುಪು ನಳಿಗೆಯ ಕೋವಿ, ನಳಿಗೆ 20 ಅಂಗುಲಕ್ಕೆ ಕಮ್ಮಿ ಇರಬಾರದು. ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು. 2019ರ ತಿದ್ದುಪಡಿ ಆದಮೇಲೆ ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು, ಒಬ್ಬನ ಬಳಿ ಇರಬಹುದಾದ ಕೋವಿ ಮೂರರಿಂದ ಎರಡಕ್ಕೆ ಇಳಿಯಿತು. ಕೊಡಗಿನ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ ಲೈಸೆನ್ಸಿನಿಂದ ವಿನಾಯಿತಿ. ಅದನ್ನು 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಮಂಡ್ಯದವರಿಗೆ ಆ ಭಾಗ್ಯ ಇಲ್ಲ. ಎಲೆಕ್ಷನ್ ಬಂತೆಂದರೆ ಕೋವಿ ಬಟ್ಟೆ ಸುತ್ತಿಕೊಂಡು ಠಾಣೆಗೆ ಹೋಗುತ್ತದೆ, ರಸೀತಿ ಮನೆಗೆ ಬರುತ್ತದೆ.

ಈ ಕೋವಿಗಳ ತೋಟಾದಲ್ಲಿ ಇರುವುದು ಒಂದೇ ಗುಂಡಲ್ಲ, ಚರೆ ಎನ್ನುವ ಸೀಸದ ಕಾಳುಗಳು. ಎಲ್.ಜಿ. ಅಂದರೆ ದಪ್ಪ ಕಾಳು, ಸುಮಾರು ಒಂಬತ್ತು ಮಿಲಿಮೀಟರ್. ಎಸ್.ಜಿ. ಅದಕ್ಕಿಂತ ಕೊಂಚ ಸಣ್ಣದು. ನಾಲ್ಕು, ಆರು ನಂಬರಿನವು ಹಕ್ಕಿಗೆ, ಮೊಲಕ್ಕೆ ಎಂದು ಹುಟ್ಟಿದವು. ನಳಿಗೆ ಬಿಟ್ಟ ಚರೆ ದೂರ ಹೋದಷ್ಟೂ ಹರಡುತ್ತದೆ. ಮೂವತ್ತು ನಲವತ್ತು ಗಜ ದಾಟಿತೆಂದರೆ ಪ್ರಾಣಿಗೆ ಬೀಳೋದು ಒಂದೋ ಎರಡೋ ಕಾಳು. ಸಾಯೋದೂ ಇಲ್ಲ, ಬದುಕೋದೂ ಇಲ್ಲ. ಕೇಪಿನ ಕೋವಿಯ ಕಥೆ ಇನ್ನೂ ವಿಚಿತ್ರ. ಮದ್ದು ಎಷ್ಟು ಗಿಡಿದ ಎಂಬುದು ಗಿಡಿದವನಿಗೇ ಗೊತ್ತು. ಒಂದು ಚಿಟಿಕೆ ಹೆಚ್ಚಾಗಿ ನಳಿಗೆ ಸೀಳಿದರೆ ಹೋಗೋದು ಹಂದಿಯ ಪ್ರಾಣವಲ್ಲ, ಹೊಡೆದವನ ಕೈ.

ಒಂದು ಕಾಲಕ್ಕೆ ಇದ್ದದ್ದು

“ಮಹಾರಾಜರ ಕಾಲದಲ್ಲಿ ಹೊಡೀತಿರಲಿಲ್ವಾ?” ಎಂಬ ವಾದ ಟೀ ಅಂಗಡಿಯಲ್ಲಿ ತಪ್ಪದೆ ಬರುತ್ತದೆ. ಹೊಡೆಯುತ್ತಿದ್ದರು. ಬಂಡೀಪುರ, ಕಾಕನಕೋಟೆಗಳು ಅರಸರ ಬೇಟೆಯ ಜಾಗಗಳೇ. ಹೊಡೆದ ಹುಲಿ, ಚಿರತೆಗಳ ಚರ್ಮಕ್ಕೆ ಜೀವಂತ ಪ್ರಾಣಿಯ ರೂಪ ಕೊಡುವ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆ ಜಗತ್ಪ್ರಸಿದ್ಧವಾಗಿತ್ತು. ಬೇಟೆ ಸತ್ತ ಮೇಲೆ ಅದೂ ಬಾಗಿಲು ಹಾಕಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಕೆಲವು ಪ್ರಾಣಿಗಳಿಗೆ ಲೈಸೆನ್ಸ್ ಪಡೆದು ಬೇಟೆಯಾಡುವ ಬಾಗಿಲು ಕಾನೂನಿನಲ್ಲಿ ಅರೆತೆರೆದೇ ಇತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು.

ಈಗ ಜಿಂಕೆ ಹೊಡೆದು ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದೇ ಕೃಷ್ಣಮೃಗವೋ ನವಿಲೋ ಆದರೆ, ಇಲ್ಲವೇ ಯಾವುದೇ ಪ್ರಾಣಿಯನ್ನು ಅಭಯಾರಣ್ಯದ ಗಡಿಯೊಳಗೆ ಹೊಡೆದರೆ, ಮೂರು ವರ್ಷಕ್ಕೆ ಕಮ್ಮಿ ಇಲ್ಲ, ಏಳರವರೆಗೂ ಹೋಗಬಹುದು. ಸಿನಿಮಾ ನಟ ಸಲ್ಮಾನ್ ಖಾನ್ 1998ರ ಕೃಷ್ಣಮೃಗದ ಪ್ರಕರಣಕ್ಕೆ 2018ರಲ್ಲಿ ಐದು ವರ್ಷದ ಶಿಕ್ಷೆ ಕೇಳಬೇಕಾಯಿತು. ಇಪ್ಪತ್ತು ವರ್ಷ ಕೋರ್ಟು ಅಲೆಯುವ ತಾಕತ್ತು ಅವರಿಗಿತ್ತು. ಎರಡೆಕರೆ ಕಬ್ಬಿನವನಿಗೆ?

ಸಿಂಧಘಟ್ಟದವರು ಇದನ್ನು ದೂರದ ಮಾತೆಂದು ತಿಳಿಯುವಂತಿಲ್ಲ. 1974ರಲ್ಲಿ ಘೋಷಣೆಯಾದ ಮೇಲುಕೋಟೆ ವನ್ಯಜೀವಿಧಾಮ ಈ ಸೀಮೆಯದೇ. ನಾರಾಯಣದುರ್ಗದ ಕಾಡೂ ಅದಕ್ಕೆ ಸೇರಿದ್ದು. ತೋಳಗಳಿಗಾಗಿ ಮಾಡಿದ ಧಾಮ. ಕತ್ತಲಲ್ಲಿ ಗಡಿ ಕಲ್ಲು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಮಹಜರಿನಲ್ಲಿ ಬೀಳುತ್ತದೆ. ಇನ್ನೊಂದು ಸಂಗತಿ ಅನೇಕರಿಗೆ ತಿಳಿದಿಲ್ಲ. ಶಿಕ್ಷೆಯಾದರೆ ಕೋವಿ, ವಾಹನ ಎರಡೂ ಸರ್ಕಾರದ ಪಾಲಾಗುತ್ತವೆ. ಕೋರ್ಟು ಲೈಸೆನ್ಸನ್ನೂ ರದ್ದು ಮಾಡಬಹುದು, ಐದು ವರ್ಷ ಮತ್ತೆ ಅರ್ಜಿ ಹಾಕುವಂತಿಲ್ಲ ಎಂದೂ ಹೇಳಬಹುದು. ಅಪ್ಪನ ಕಾಲದಿಂದ ರಿನ್ಯೂ ಮಾಡಿಸಿಕೊಂಡು ಬಂದ ಕೋವಿ ಒಂದು ರಾತ್ರಿಯ ಬಾಡಿನ ಆಸೆಗೆ ಹೋಯಿತು!

ಹಂದಿ ಅರ್ಜಿ ಕಾಯುತ್ತಾ?

ರೈತನ ನಿಜವಾದ ಜಗಳ ಜಿಂಕೆಯ ಜೊತೆ ಅಲ್ಲ, ಕಾಡುಹಂದಿಯ ಜೊತೆ. ಕಬ್ಬು ಅದಕ್ಕೆ ಮನೆಯೂ ಹೌದು, ಊಟವೂ ಹೌದು. ಒಂದು ಮಂದೆ ಒಂದು ರಾತ್ರಿ ನುಗ್ಗಿದರೆ ಮುಸುಕಿನ ಜೋಳದ ತಾಕು ಬೆಳಿಗ್ಗೆ ರೋಲರ್ ಉರುಳಿದ ಹಾಗಿರುತ್ತದೆ. ಕಾಯ್ದೆಯಲ್ಲಿ ದಾರಿ ಇಲ್ಲದೆ ಇಲ್ಲ. ಎರಡನೇ ಪಟ್ಟಿಯ ಪ್ರಾಣಿ ಬೆಳೆಗೋ ಆಸ್ತಿಗೋ ಅಪಾಯಕಾರಿ ಎಂದು ಕಂಡರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು, ಕಾರಣ ಬರೆದು, ಲಿಖಿತ ಆದೇಶದಲ್ಲಿ ಹೊಡೆಯಲು ಅನುಮತಿ ಕೊಡಬಹುದು. ಹೊಡೆದ ಪ್ರಾಣಿ ಮಾತ್ರ ಸರ್ಕಾರದ ಸ್ವತ್ತು. ಹಂದಿ ಹೊಡೆದು ಪಾಲು ಹಾಕೋ ಹಾಗಿಲ್ಲ. ಕೇರಳ 2022ರಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೇ ಇಳಿಸಿತು. ನಮ್ಮ ರೈತರು ಕೇಳೋದೂ ಅದನ್ನೇ. ಅರ್ಜಿ ಕೆಳಗಿಂದ ಮೇಲಕ್ಕೆ ಹೋಗಿ, ಆದೇಶವಾಗಿ ಕೆಳಕ್ಕೆ ಇಳಿಯೋ ಹೊತ್ತಿಗೆ ಹಂದಿ ಪಕ್ಕದ ಹೊಲ ಮುಗಿಸಿ ಆಚೆ ಊರಿಗೆ ಹೋಗಿರುತ್ತದೆ.

ಬೇಸತ್ತವರು ಅಡ್ಡದಾರಿ ಹಿಡಿಯುತ್ತಾರೆ. ಹಿಟ್ಟಿನುಂಡೆಯಲ್ಲಿ ಸಿಡಿಮದ್ದು, ಬೇಲಿಗೆ ಕದ್ದ ಕರೆಂಟು, ಬ್ರೇಕ್ ಕೇಬಲ್ಲಿನ ಉರುಳು. ಸಿಡಿಮದ್ದಿಗೆ ಹಂದಿಗಿಂತ ಮೊದಲು ಬಾಯಿ ಹಾಕೋದು ಮನೆಯ ಹಸು. ಉರುಳಿಗೆ ಚಿರತೆ ಬಿದ್ದರೆ ಅದು ಮೊದಲ ಪಟ್ಟಿಯ ಪ್ರಾಣಿ, ಬೇರೆಯೇ ಕೇಸು.

ಕೋವಿ ಹಿಡಿದು ರಾತ್ರಿ ಕಾಯುವವರ ಪಾಡಂತೂ ಭಯಂಕರ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಬರೋದು ಎಷ್ಟೋ ಸಲ ಸರಿರಾತ್ರಿ. ಆ ಹೊತ್ತಿನಲ್ಲಿ ಕಬ್ಬಿನ ಸಾಲಿನೊಳಗೆ ಬಗ್ಗಿ ನಡೆಯೋದು ಹಂದಿ ಒಂದೇ ಅಲ್ಲ. ನೀರು ತಿರುವಲು ಗುದ್ದಲಿ ಹಿಡಿದು ಬಂದ ಪಕ್ಕದ ಹೊಲದವನೂ ಇರುತ್ತಾನೆ. ಗರಿ ಅಲುಗಿತು ಎಂದು ಕುದುರೆ ಎಳೆದರೆ ಎಲ್.ಜಿ. ಯಾರು, ಎಸ್.ಜಿ. ಯಾರು ಎಂದು ಕೇಳಿಕೊಂಡು ಹೋಗುವುದಿಲ್ಲ. ಮಲೆನಾಡಿನಿಂದ ಇಂಥ ಸುದ್ದಿ ಆಗಾಗ ಬರುತ್ತಲೇ ಇದೆ: ಪ್ರಾಣಿ ಎಂದು ಹೊಡೆದದ್ದು ಜೊತೆಗೆ ಬಂದ ಗೆಳೆಯನನ್ನು.

ಟೀ ಅಂಗಡಿಯ ಚರ್ಚೆ ಇಲ್ಲಿಗೆ ಬಂದು ಸ್ವಲ್ಪ ತಣ್ಣಗಾಯಿತು. ಮೊಬೈಲಿನಲ್ಲಿ ಟೋಪಿ ಆಸಾಮಿ ಇನ್ನೂ ನಗುತ್ತಾ ನಿಂತಿದ್ದ.

“ಅಲ್ಕಣ್ಲಾ, ಅವ್ನ ಹಿಂದ್ಗಡೆ ಒಂದು ಊರೂ ಕಾಣಾಕಿಲ್ವಲ್ಲ?” ಎಂದರು ಮಾವ.

“ಇಲ್ಲ ಮಾವ, ಎಲ್ಲಾ ಒಬ್ಬಂದೇ ಜಮೀನಂತೆ.”

ಅಷ್ಟರಲ್ಲಿ ಬಸ್ಸು ಬಂತು. ಹುಡುಗ ಮೊಬೈಲು ಜೇಬಿಗಿಟ್ಟು ಓಡಿದ. ಮಾವ ಅಂಗಡಿಯವನ ಕೈಲಿ ಹಳೇ ಎಣ್ಣೆ ಡಬ್ಬ ಒಂದನ್ನು ಕೇಳಿ ಇಸಕೊಂಡು, ಬಡಿದು ಸದ್ದು ನೋಡಿ, ಟಾರ್ಚಿಗೆ ಎರಡು ಶೆಲ್ಲು ಸಾಲ ಬರೆಸಿ, ಹೊಲದ ಅಟ್ಟಣೆಯ ಕಡೆ ಹೆಜ್ಜೆ ಹಾಕಿದರು.