ಸುಳ್ಳ ಕುಸ್ತಿ, ಖರೇ ಜಗಳ

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಯಿಂದ ಪ್ಲಾಸ್ಟಿಕ್ ಗದೆ, ಕತ್ತಿ ಮನೆಗೆ ಬಂದವೆಂದರೆ ಬಾದಾಮಿ, ಹುನಗುಂದ, ಇಳಕಲ್ಲಿನ ಓಣಿಗಳಲ್ಲಿ ಕುರುಕ್ಷೇತ್ರ ಶುರು. ಪ್ಲಾಸ್ಟಿಕ್ ಮುರಿದರೆ ಜ್ವಾಳದ ದಂಟು ಇದ್ದೇ ಇದೆ. ಪಡಸಾಲೆಯಿಂದ ಅವ್ವನ ಕೂಗು: 'ಈಗs ಹಿಂಗ ಬಡದಾಡಿದ್ರ ದೊಡ್ಡವನಾಗಿ ಏನ ಮಾಡ್ತಾನೋ!'

ಆಟದ ಬಡಿದಾಟ ಬೆಳೆದು ನಿಜದ ಬಡಿದಾಟವಾಗುತ್ತದೆ ಎಂಬ ನಂಬಿಕೆ ಆ ಕೂಗಿನಲ್ಲಿದೆ. ಅದು ತಪ್ಪು. 1967ರಲ್ಲಿ ಸಂಶೋಧಕ ನಿಕೊಲಸ್ ಬ್ಲರ್ಟನ್ ಜೋನ್ಸ್ ಲಂಡನ್ನಿನ ಶಿಶುವಿಹಾರದ ಮಕ್ಕಳನ್ನು ಗಮನಿಸಿ, ಇವೆರಡೂ ಬೇರೆ ಎಂದು ತೋರಿಸಿದ. ಆಟದಲ್ಲಿ ನಗು, ಓಟ, ಜಿಗಿತ, ಬಿಚ್ಚಿದ ಅಂಗೈ. ಜಗಳದಲ್ಲಿ ಗಂಟಿಕ್ಕಿದ ಹುಬ್ಬು, ನೆಟ್ಟ ನೋಟ, ಕಸಿಯುವ ಕೈ. ನಮ್ಮ ಹುಡುಗರು ಇದನ್ನೇ ಎರಡು ಮಾತಿನಲ್ಲಿ ಹೇಳುತ್ತಾರೆ: 'ಸುಳ್ಳs', 'ಖರೇ'. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಪೀಟರ್ ಸ್ಮಿತ್ ಮತ್ತು ಸಂಗಡಿಗರು ಶಾಲೆಗಳಲ್ಲಿ ವಿಚಾರಿಸಿದಾಗ, ಇಂಥ ಗುದ್ದಾಟಗಳಲ್ಲಿ ಮೂರರಲ್ಲಿ ಒಂದು ಖರೇ ಜಗಳವೆಂದು ಶಿಕ್ಷಕರು ಅಂದಾಜಿಸಿದ್ದರು. ಮೈದಾನದಲ್ಲಿ ನಿಂತು ನೋಡಿದರೆ ಅದು ಹೆಚ್ಚೂಕಡಿಮೆ ನೂರಕ್ಕೆ ಒಂದು.

ಗರಡಿಮನೆ ಕಂಡವರಿಗೆ ಇದು ಹೊಸ ಮಾತಲ್ಲ. ಕೆಮ್ಮಣ್ಣಿನಲ್ಲಿ 'ಜೋರ' (ತಾಲೀಮಿನ ಕುಸ್ತಿ) ಹಿಡಿಯುವಾಗ ಹಿರಿಯ ಪೈಲ್ವಾನ ಎಳೆಯ ಹುಡುಗನ ಮೇಲೆ ಪೂರ್ತಿ ಬಲ ಹಾಕುವುದಿಲ್ಲ. ಬೇಕೆಂದೇ ಕಾಲು ಕೊಡುತ್ತಾನೆ, ಬೀಳುತ್ತಾನೆ. ಪೂರ್ತಿ ಬಲ ಹಾಕಿದರೆ ಹುಡುಗ ನಾಳೆ ಬರುವುದಿಲ್ಲ. ಓಣಿಯ ಭೀಮನೂ ಹಾಗೆಯೇ: ಪುಟ್ಟ ತಮ್ಮ ಕೈ ಎತ್ತಿದರೆ ತಾನೇ ಸತ್ತಂತೆ ಬೀಳುತ್ತಾನೆ, ಇಲ್ಲವಾದರೆ ಆಟ ನಿಲ್ಲುತ್ತದೆ. ಎಷ್ಟು ಹೊಡೆದರೆ ನೋವಾಗುತ್ತದೆ, ಎಲ್ಲಿ ಕೈ ತಡೆಯಬೇಕು ಎಂಬ ಅಳತೆ ಅವನಿಗೆ ಸಿಗುವುದು ಇಲ್ಲಿ. ಬೈದು ಒಳಗೆ ಕೂಡಿಸಿದರೆ ಕಳೆದುಹೋಗುವುದೂ ಅದೇ ಎನ್ನುವುದು ನನ್ನ ಸಂಕಟ.

'ಎಲ್ಲಾ ಮೊಬೈಲಿಂದ' ಎನ್ನುವವರೂ ಇದ್ದಾರೆ. ಕಾಳಗದ ಕಥೆ ಮೊಬೈಲಿಗಿಂತ ಹಳೆಯದು: ಪಟ್ಟದಕಲ್ಲಿನ ಪಾಪನಾಥ ಗುಡಿಯ ಗೋಡೆಗೆ 8ನೆಯ ಶತಮಾನದಲ್ಲೇ ರಾಮಾಯಣ ಕೆತ್ತಿದ್ದಾರೆ. ದೊಡ್ಡಾಟ ನೋಡಿ ಬಂದ ಹುಡುಗರು ಎಂದೂ ಸುಮ್ಮನೆ ಮಲಗಿದವರಲ್ಲ. ಆದರೆ ಪರದೆಯ ಎದುರಾಳಿಗೆ ನೋವಾಗುವುದಿಲ್ಲ, ಓಣಿಯ ಗೆಳೆಯನಿಗೆ ಆಗುತ್ತದೆ. ಈ ವ್ಯತ್ಯಾಸ ದೊಡ್ಡದು.

ಅವ್ವನ ಕೂಗಿಗೆ ತಿರುಗುಮುರುಗಾದ ನಂಬಿಕೆ ಇನ್ನೂ ಅಪಾಯದ್ದು: 'ಗಂಡು ಹುಡುಗೂರು ಇರೂದs ಹಂಗ.' ಪ್ರತಿ ಸಲವೂ ಒಬ್ಬನೇ ಕೆಳಗೆ ಬೀಳುತ್ತಿದ್ದರೆ, 'ಸಾಕು' ಎಂದರೂ ಕೈ ನಿಲ್ಲದಿದ್ದರೆ, ನಗು ಒಬ್ಬನ ಮುಖದಲ್ಲಿ ಮಾತ್ರ ಉಳಿದಿದ್ದರೆ ಅದು ಆಟವಲ್ಲ. ಮನೆಯಲ್ಲಿ ಕಂಡ ಹೊಡೆತವನ್ನು ಹುಡುಗ ಓಣಿಯಲ್ಲಿ ಹೊಡೆಯುತ್ತಿದ್ದರೆ ತಿದ್ದಬೇಕಾದದ್ದು ದೊಡ್ಡವರನ್ನು. ಅಳುತ್ತ ಬಂದವನಿಗೆ 'ಗಂಡಸಾಗಿ ಅಳ್ತಿ ಏನು, ಹೋಗಿ ತಿರುಗಿ ಹೊಡಿ' ಎಂದು ಕಳಿಸುವ ಅಪ್ಪನೇ ಸುಳ್ಳ ಕುಸ್ತಿಯನ್ನು ಖರೇ ಜಗಳ ಮಾಡುತ್ತಾನೆ.

ಇನ್ನೊಂದು, ಕಸಬರಿಗೆ ಕಡ್ಡಿಯ ಬಾಣ. ಅದು ಕಣ್ಣಿಗೆ ತಾಗಿದರೆ ಆಟವೋ ಜಗಳವೋ ಕೇಳುವುದಿಲ್ಲ. ಬಿಲ್ಲು ಅವರ ಕೈಯಲ್ಲೇ ಇರಲಿ, ಕಡ್ಡಿ ಮಾತ್ರ ಇಸಗೊಳ್ಳಿ.