ಚಳಿಗಾಲದಲ್ಲಿ ಮನೆಯ ಕಚೇರಿ: ಅನುಕೂಲತೆ ಮತ್ತು ಲೆಕ್ಕಾಚಾರ

ಮುಂಗಡ ತೆರಿಗೆಯ ಮೂರನೆಯ ಕಂತು ಡಿಸೆಂಬರ್ 15ಕ್ಕೆ. ಜಿಎಸ್‌ಟಿ ವಾರ್ಷಿಕ ನಮೂನೆ ಡಿಸೆಂಬರ್ 31ಕ್ಕೆ. ಮಾಸಿಕ ನಮೂನೆ ಜನವರಿ 20ಕ್ಕೆ. ಮೂಲದಲ್ಲಿ ಕಡಿತಗೊಳಿಸಿದ ತೆರಿಗೆಯ ತ್ರೈಮಾಸಿಕ ವಿವರಣಪತ್ರ ಜನವರಿ 31ಕ್ಕೆ. ಲೆಕ್ಕಪತ್ರದ ಒತ್ತಡ ಹೆಚ್ಚಿರುವ ಈ ದಿನಗಳೇ ನಮ್ಮ ಭಾಗದಲ್ಲಿ ಚಳಿಯ ದಿನಗಳೂ ಆಗಿವೆ. ಬೀದರ, ವಿಜಯಪುರ, ಧಾರವಾಡಗಳಲ್ಲಿ ಮುಂಜಾನೆಯ ಉಷ್ಣಾಂಶವು ಕೆಲವು ದಿನ 10-12 ಡಿಗ್ರಿಗೆ ಇಳಿದು, ಮಧ್ಯಾಹ್ನ ಮತ್ತೆ 28-30ಕ್ಕೆ ಏರುವುದುಂಟು. 2020ರ ಲಾಕ್‌ಡೌನ್ ನಂತರ ಅನೇಕ ಸದಸ್ಯರು ಅಂಗಡಿಯ ಲೆಕ್ಕವನ್ನು ಮನೆಯ ಒಂದು ಕೋಣೆಗೆ ಸ್ಥಳಾಂತರಿಸಿಕೊಂಡಿದ್ದಾರೆ. ಬಹುತೇಕ ಇದು ಮನೆಯಲ್ಲಿ ಬೇರೆ ಯಾರಿಗೂ ಬೇಡವಾಗಿದ್ದ ಉತ್ತರ ದಿಕ್ಕಿನ ಕೋಣೆಯೇ ಆಗಿರುತ್ತದೆ.

ಚಳಿಯಿಂದ ಆಗುವ ನಷ್ಟವನ್ನು ಕೇವಲ ಶರೀರದ ಅನಾನುಕೂಲವೆಂದು ಭಾವಿಸುವುದು ಸರಿಯಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲನ್ ಹೆಜ್ ಅವರು ಫ್ಲಾರಿಡಾದ ವಿಮಾ ಕಚೇರಿಯೊಂದರಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಣೆಯ ಉಷ್ಣಾಂಶ 25 ಡಿಗ್ರಿ ಇದ್ದಾಗ ಶೇ. 10ರಷ್ಟಿದ್ದ ಟೈಪಿಂಗ್ ದೋಷವು 20 ಡಿಗ್ರಿಗೆ ಇಳಿದಾಗ ಶೇ. 25ಕ್ಕೆ ಏರಿದ್ದು ಕಂಡುಬಂದಿತು. ಅದು ಬೆರಳೆಣಿಕೆಯಷ್ಟು ಸಿಬ್ಬಂದಿಯ ಮೇಲೆ ನಡೆದ ಚಿಕ್ಕ ಅಧ್ಯಯನವಾದ್ದರಿಂದ ಆ ಪ್ರಮಾಣವನ್ನು ನಮಗೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೆ ಅದರ ದಿಕ್ಕಿನ ಬಗ್ಗೆ ನನಗೆ ಸಂಶಯವಿಲ್ಲ. ಕಾರಣ ಸ್ವಾನುಭವ.

2019ರ ಜನವರಿಯಲ್ಲಿ ಕಕ್ಷಿದಾರರೊಬ್ಬರ ಡಿಸೆಂಬರ್ ತಿಂಗಳ ನಮೂನೆಯನ್ನು ನಾನು ಬೆಳಗಿನ ಐದೂವರೆಗೆ ಮನೆಯಲ್ಲಿ ಕುಳಿತು ಭರ್ತಿ ಮಾಡಿದೆ. ಕೊನೆಯ ದಿನಾಂಕ ಸಮೀಪಿಸಿದಂತೆ ಪೋರ್ಟಲ್ ನಿಧಾನವಾಗುತ್ತಿದ್ದುದರಿಂದ ಆ ವೇಳೆಯನ್ನು ಆರಿಸಿಕೊಂಡಿದ್ದೆ. ಮೈಮೇಲೆ ಶಾಲು ಇತ್ತು, ಬೆರಳುಗಳು ಮಾತ್ರ ಮರಗಟ್ಟಿದ್ದವು. ಆಗ ಈ ಮೊತ್ತಗಳನ್ನು ಕೈಯಿಂದಲೇ ತುಂಬಬೇಕಾಗಿತ್ತು. 5,48,600 ಎಂದು ನಮೂದಿಸಬೇಕಾದ ತೆರಿಗೆ 4,58,600 ಎಂದು ನಮೂದಾಯಿತು. ಮೇ ತಿಂಗಳಲ್ಲಿ ವರ್ಷದ ಲೆಕ್ಕ ತಾಳೆ ನೋಡುವಾಗ 90,000 ರೂಪಾಯಿಯ ವ್ಯತ್ಯಾಸ ಬಂದಿತು. ವ್ಯತ್ಯಾಸದ ಮೊತ್ತ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲಿಯೋ ಎರಡು ಅಂಕಿಗಳು ಹಿಂದುಮುಂದಾಗಿವೆ ಎಂದು ಮೊದಲು ಶಂಕಿಸಬೇಕು. ಇದು ನಮ್ಮ ವೃತ್ತಿಯ ಹಳೆಯ ಸೂತ್ರ. ತಪ್ಪೇನೋ ಸಿಕ್ಕಿತು, ಆದರೆ ಶೇ. 18ರ ದರದಲ್ಲಿ ನಾಲ್ಕು ತಿಂಗಳ ಬಡ್ಡಿ 5,400 ರೂಪಾಯಿ ಆಗಿತ್ತು. ಅದನ್ನು ನಾನೇ ಭರಿಸಿದೆ. ಕಕ್ಷಿದಾರರು ಏನೂ ಅನ್ನಲಿಲ್ಲ. ಆದರೆ ಮುಂದಿನ ಕೆಲವು ತಿಂಗಳು ಪ್ರತಿಯೊಂದು ನಮೂನೆಯ ಪ್ರತಿಯನ್ನೂ ತರಿಸಿಕೊಂಡು ನೋಡುತ್ತಿದ್ದರು.

ಮೇಜಿನ ಸ್ಥಾನ

ಚಳಿಗಾಲದಲ್ಲಿ ಸೂರ್ಯನ ಪಥವು ದಕ್ಷಿಣಕ್ಕೆ ವಾಲಿರುತ್ತದೆ. ಡಿಸೆಂಬರ್ 22ರ ಸುಮಾರಿಗೆ ಹುಬ್ಬಳ್ಳಿಯಲ್ಲಿ ನಡುಹಗಲಿನ ಸೂರ್ಯನು ಕ್ಷಿತಿಜದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ. ಆದುದರಿಂದ ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಕ್ಕೆ ಬೀಳುತ್ತದೆ. ಮೇ-ಜೂನ್‌ನಲ್ಲಿ ಅದೇ ಕಿಟಕಿಗೆ ನಡುಹಗಲಿನಲ್ಲಿ ನೇರ ಬಿಸಿಲು ತಾಗುವುದಿಲ್ಲ. ಚಳಿಗಾಲದ ಮೂರು ತಿಂಗಳ ಮಟ್ಟಿಗಾದರೂ ಮೇಜನ್ನು ದಕ್ಷಿಣ ಅಥವಾ ಆಗ್ನೇಯದ ಕೋಣೆಗೆ ಒಯ್ಯುವುದು ಖರ್ಚಿಲ್ಲದ ಉಪಾಯ. ಕಿಟಕಿಯು ಎಡ ಅಥವಾ ಬಲ ಪಾರ್ಶ್ವಕ್ಕೆ ಬರುವಂತೆ ಮೇಜನ್ನು ಇಡತಕ್ಕದ್ದು. ಕಿಟಕಿ ಬೆನ್ನಿಗೆ ಬಂದರೆ ಪರದೆಯ ಮೇಲೆ ಬೆಳಕು ಹೊಳೆಯುತ್ತದೆ, ಎದುರಿಗೆ ಬಂದರೆ ಕಣ್ಣು ದಣಿಯುತ್ತದೆ.

ಎರಡನೆಯದು ನೆಲ. ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ಮತ್ತು ಕಡಪಾ ಕಲ್ಲು ಪಾದದ ಶಾಖವನ್ನು ಬೇಗನೆ ಹೀರುತ್ತವೆ. ಪಾದ ತಣ್ಣಗಾದರೆ ಶರೀರವು ಕೈಬೆರಳಿನ ರಕ್ತಸಂಚಾರವನ್ನೂ ತಗ್ಗಿಸುತ್ತದೆ. ಹಿಂದಿನ ವರ್ತಕರು ಗಾದಿ ಹಾಸಿ, ಲೋಡಿಗೆ ಒರಗಿ, ಕಾಲು ಮಡಿಸಿ ಲೆಕ್ಕ ಬರೆಯುತ್ತಿದ್ದರಷ್ಟೆ. ಹತ್ತಿಯ ಗಾದಿಯ ಮೇಲೆ ಕುಳಿತವರಿಗೆ ನೆಲದ ತಂಪು ತಾಗುತ್ತಿರಲಿಲ್ಲ. ಕುರ್ಚಿ-ಮೇಜು ಬಂದ ಮೇಲೆ ಪಾದಗಳು ಕಲ್ಲಿನ ಮೇಲೆ ಉಳಿದವು. ಮೇಜಿನ ಕೆಳಗೆ ನವಲಗುಂದದ ಜಮಖಾನೆಯನ್ನೋ, ಅದಕ್ಕಿಂತ ಮೇಲಾಗಿ ಎರಡು ಮಡಿಕೆಯ ಚಳ್ಳಕೆರೆ ಕಂಬಳಿಯನ್ನೋ ಹಾಸಿ ಕಾಲುಚೀಲ ಧರಿಸಿದರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಇದನ್ನು ಮಾಡದೆ ನೇರವಾಗಿ ಹೀಟರ್ ಕೊಳ್ಳಲು ಹೋಗುವವರೇ ಹೆಚ್ಚು.

ಹೀಟರಿನ ಲೆಕ್ಕ

2,000 ವ್ಯಾಟ್ ಹೀಟರನ್ನು ದಿನಕ್ಕೆ ಮೂರು ಗಂಟೆ ಪೂರ್ಣ ಪ್ರಮಾಣದಲ್ಲಿ ಉರಿಸಿದರೆ 6 ಯೂನಿಟ್, ತಿಂಗಳಿಗೆ 180 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. 2022-23ರ ಸರಾಸರಿ ಬಳಕೆ 130 ಯೂನಿಟ್ ಇದ್ದ ಮನೆಗೆ ಶೇ. 10 ಸೇರಿಸಿ 143 ಯೂನಿಟ್‌ವರೆಗೆ ಶುಲ್ಕವಿಲ್ಲ. 143 ದಾಟಿ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಪಾವತಿಸಬೇಕು. 200 ದಾಟಿದರೆ ಆ ತಿಂಗಳ ಪೂರ್ಣ ಬಿಲ್ಲನ್ನೇ ಪಾವತಿಸಬೇಕು. ಹೀಟರ್ ಸೇರಿದ ಮೇಲೆ ಈ ಮನೆಯ ಬಳಕೆ 310 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಂಡರೆ 1,860 ರೂಪಾಯಿ, ನಿಗದಿತ ಶುಲ್ಕ ಮತ್ತು ತೆರಿಗೆ ಪ್ರತ್ಯೇಕ. ಅಂದರೆ ಹೀಟರಿನ ಬಿಲ್ಲಿನೊಡನೆ ಇಡೀ ಮನೆಯ ಬಿಲ್ಲೂ ಬರುತ್ತದೆ. ಇದಕ್ಕೆ ಬದಲಾಗಿ 100 ವ್ಯಾಟ್‌ನ ಶಾಖದ ಪ್ಯಾಡನ್ನು ಬೆನ್ನಿಗೆ ಅಥವಾ ಪಾದದ ಬಳಿ ಅಷ್ಟೇ ವೇಳೆ ಬಳಸಿದರೆ ತಿಂಗಳಿಗೆ 9 ಯೂನಿಟ್. ಒಟ್ಟು 139, ಮಿತಿಯೊಳಗೇ ಉಳಿಯುತ್ತದೆ. ಕೋಣೆಯ ಗಾಳಿಯನ್ನೆಲ್ಲ ಕಾಯಿಸುವುದಕ್ಕಿಂತ ಕುಳಿತವನನ್ನು ಕಾಯಿಸುವುದು ಅಗ್ಗ.

ಹೀಟರ್ ಬಳಸಲೇಬೇಕಾದವರು ಗಮನಿಸಬೇಕಾದುದಿಷ್ಟು. 2,000 ವ್ಯಾಟ್ ಎಂದರೆ ಸುಮಾರು 8.7 ಆಂಪಿಯರ್, ಮನೆಯ ಸಾಮಾನ್ಯ 6 ಆಂಪಿಯರ್ ಸಾಕೆಟ್ಟು ಅದನ್ನು ತಾಳದು. 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟು ಬೇಕು. ಕಂಪ್ಯೂಟರಿನ ಯುಪಿಎಸ್‌ಗಾಗಲಿ ಎಕ್ಸ್‌ಟೆನ್ಷನ್ ಬೋರ್ಡಿಗಾಗಲಿ ಜೋಡಿಸಬಾರದು. ರಶೀದಿ ಕಡತಗಳು ಮತ್ತು ಕಿಟಕಿಯ ಪರದೆ ಅದರ ಸಮೀಪ ಇರಕೂಡದು. ಇದ್ದಿಲ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ ಎಂದೂ ಇಡಬಾರದು. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ರೆ ಬಂದಂತೆ ಭಾಸವಾಗಿ ಪ್ರಾಣವೇ ಹೋಗಬಹುದು. ಇದ್ದಿಲಿಲ್ಲದಿದ್ದರೂ ಇಡೀ ದಿನ ಮುಚ್ಚಿದ ಕೋಣೆಯಲ್ಲಿ ಜಡತ್ವ ಬರುವುದುಂಟು. ಬಿಸಿಲೇರಿದ ಮೇಲೆ ಹತ್ತು ನಿಮಿಷ ಕಿಟಕಿ ತೆರೆದರೆ ಸಾಕು.

ಕೆಲಸದ ವೇಳೆ

ಆ ಜನವರಿಯ ನಂತರ ನಾನು ಮಾಡಿಕೊಂಡ ಏರ್ಪಾಡು ಸರಳವಾದುದು. ಅಂಕಿ ನಮೂದಿಸುವ ಕೆಲಸವನ್ನು ಬೆಳಿಗ್ಗೆ ಹತ್ತರ ನಂತರಕ್ಕೆ ಇಟ್ಟಿದ್ದೇನೆ. ಮುಂಜಾನೆ ಓದುವ, ಹಿಂದಿನ ದಿನದ ನಮೂದುಗಳನ್ನು ಕಾಗದದ ಮೇಲೆ ತಾಳೆ ನೋಡುವ ಕೆಲಸ. ಮುಂಜಾನೆಯೇ ಸಲ್ಲಿಸಬೇಕಾದ ನಮೂನೆಯಿದ್ದರೆ ಹಿಂದಿನ ಮಧ್ಯಾಹ್ನವೇ ತುಂಬಿ, ಉಳಿಸಿಟ್ಟು, ಬೆಳಿಗ್ಗೆ ಸಲ್ಲಿಸುವುದಷ್ಟೆ. ಚಳಿಯಲ್ಲಿ ಬಾಯಾರಿಕೆ ತಿಳಿಯದ ಕಾರಣ ನೀರಿನ ತಂಬಿಗೆಯನ್ನು ಮೇಜಿನ ಮೇಲೆಯೇ ಇಟ್ಟುಕೊಳ್ಳುವುದು ಲೇಸು. ಚಹವನ್ನು ನೀರಿನ ಲೆಕ್ಕಕ್ಕೆ ಹಿಡಿಯುವ ಸ್ನೇಹಿತರಿದ್ದಾರೆ. ಆ ವಿಷಯದಲ್ಲಿ ನನಗೂ ಹೆಚ್ಚು ಹೇಳುವ ಅಧಿಕಾರವಿಲ್ಲ.

ಸಂಪರ್ಕ ಮತ್ತು ತೆರಿಗೆ

ಮನೆಯಲ್ಲಿ ಕಚೇರಿ ಇಟ್ಟರೆ ವಾಣಿಜ್ಯ ದರ ಬೀಳುವುದೇ ಎಂಬ ಪ್ರಶ್ನೆಯನ್ನು ಸದಸ್ಯರು ಆಗಾಗ ಕೇಳುತ್ತಾರೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರ ಆದೇಶಗಳು ಮನೆಯ ಒಂದು ಭಾಗವನ್ನು ವಾಸಿಸುವವರೇ ಕೆಲವು ಉದ್ಯೋಗಗಳಿಗೆ ಬಳಸಿದಾಗ ಗೃಹಬಳಕೆಯ ದರವನ್ನೇ ಅನ್ವಯಿಸುತ್ತ ಬಂದಿವೆ. ವಕೀಲಿ, ವೈದ್ಯಕೀಯ, ಆದಾಯ ತೆರಿಗೆ ಸಲಹೆ, ಹೊಲಿಗೆ, ಅಕ್ಕಸಾಲೆ ಕೆಲಸ ಆ ಪಟ್ಟಿಯಲ್ಲಿವೆ. ಜ್ಯೋತಿಷಿಗಳೂ ಲೆಕ್ಕಪರಿಶೋಧಕರೂ ಅಲ್ಲಿ ಒಟ್ಟಿಗೇ ಇದ್ದಾರೆ! ಆದರೆ ಸರಕು ಸಂಗ್ರಹ ಮತ್ತು ಮಾರಾಟಕ್ಕೆ ಈ ಸೌಲಭ್ಯವಿಲ್ಲ. ಪಟ್ಟಿಯು ಪರಿಷ್ಕರಣೆಗೆ ಒಳಪಡುವುದರಿಂದ ಚಾಲ್ತಿಯಲ್ಲಿರುವ ಆದೇಶವನ್ನು ಪರಿಶೀಲಿಸಿಯೇ ಮುಂದುವರಿಯಬೇಕು.

ಆದಾಯ ತೆರಿಗೆಯಲ್ಲಿ ಮನೆಯ ಯಾವ ಭಾಗವನ್ನು ವ್ಯವಹಾರಕ್ಕೆ ಬಳಸಲಾಗಿದೆಯೋ ಆ ಪ್ರಮಾಣದ ವೆಚ್ಚಕ್ಕೆ ಅವಕಾಶವಿದೆ. 1,200 ಚದರಡಿಯ ಬಾಡಿಗೆ ಮನೆಯಲ್ಲಿ 150 ಚದರಡಿ ಕಚೇರಿಯಿದ್ದರೆ ಎಂಟನೆಯ ಒಂದು ಭಾಗ. 16,000 ರೂಪಾಯಿ ಬಾಡಿಗೆಯಲ್ಲಿ 2,000. ಸ್ವಂತ ಮನೆಯಾದರೆ ತನಗೆ ತಾನೇ ಬಾಡಿಗೆ ಬರೆದುಕೊಳ್ಳುವಂತಿಲ್ಲ. ದುರಸ್ತಿ, ಆಸ್ತಿ ತೆರಿಗೆ, ವಿದ್ಯುತ್ತು ಮುಂತಾದವುಗಳ ಪ್ರಮಾಣಾನುಗುಣ ಭಾಗವನ್ನು ಮಾತ್ರ ತೋರಿಸಬಹುದು. ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಈ ಯಾವ ವೆಚ್ಚವೂ ಪ್ರತ್ಯೇಕವಾಗಿ ದೊರೆಯದು. ಅವರು ಕೊಂಡ ಹೀಟರು ಅವರ ಲಾಭವನ್ನು ಒಂದು ರೂಪಾಯಿಯಷ್ಟೂ ತಗ್ಗಿಸದು. ಉಳಿದವರು ಒಳ್ಳೆಯ ಕುರ್ಚಿ ಕೊಳ್ಳುವಾಗ ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆ ಬರೆಸತಕ್ಕದ್ದು. ಬೆಲೆ 10,000 ರೂಪಾಯಿ ಮೀರಿದರೆ ನಗದು ಕೊಡದೆ ಚೆಕ್ ಅಥವಾ ಬ್ಯಾಂಕ್ ಮೂಲಕವೇ ಪಾವತಿಸಬೇಕು. ನಗದು ಕೊಟ್ಟರೆ ಸವಕಳಿಗಾಗಿ ಆ ಕುರ್ಚಿಯ ವೆಚ್ಚವು ಲೆಕ್ಕಕ್ಕೆ ಬರುವುದಿಲ್ಲ.