‘ಕೊಟ್ಟರೆ ಹಾಕಿಕೊಳ್ಳುತ್ತೇವೆ’

ಹಿರಿಯ ಬಂಧುವೊಬ್ಬರ ಕರುಳಿನ ಎಂಡೋಸ್ಕೋಪಿಗಾಗಿ ಈಚೆಗೆ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಪರೀಕ್ಷೆ ಮುಗಿದು ವೈದ್ಯರು ಹೊರಬಂದರು. ಒಳಗೆ ಸಹಾಯಕಿಯೊಬ್ಬರು ಮಲದ ದ್ರವ ಮೆತ್ತಿದ ಕೊಳವೆಯನ್ನು ತೊಳೆಯುತ್ತಿದ್ದರು. ಕೈಗೆ ತೆಳುವಾದ ಗವಸಿತ್ತು. ಕಣ್ಣಿಗೆ ರಕ್ಷಣೆಯಾಗಲಿ, ಮೈಗೆ ನೀರು ತಡೆಯುವ ಗೌನ್ ಆಗಲಿ ಇರಲಿಲ್ಲ. ವಿಚಾರಿಸಿದಾಗ, “ಕೊಟ್ಟರೆ ಹಾಕಿಕೊಳ್ಳುತ್ತೇವೆ, ಸರ್” ಎಂದರು. ವಕೀಲನಾದ ನನಗೆ ಆ ‘ಕೊಟ್ಟರೆ’ ಎಂಬ ಮಾತು ಚುಚ್ಚಿತು.

ರೋಟಾ, ನೊರೊ ಮತ್ತು ಹೆಪಟೈಟಿಸ್-ಎ ವೈರಾಣುಗಳು ಮುಖ್ಯವಾಗಿ ಮಲದ ಮೂಲಕವೇ ಹರಡುತ್ತವೆ. ಉಸಿರಾಟದ ರೋಗಗಳೂ ಇದಕ್ಕೆ ಪೂರ್ಣ ಹೊರತಲ್ಲ. 2003ರಲ್ಲಿ ಹಾಂಗ್‌ಕಾಂಗ್‌ನ ಅಮಾಯ್ ಗಾರ್ಡನ್ಸ್ ವಸತಿ ಸಮುಚ್ಚಯದ 300ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ತಗುಲಿದಾಗ, ತನಿಖೆಯು ಶೌಚಾಲಯದ ಕೊಳವೆಗಳತ್ತ ಬೊಟ್ಟು ಮಾಡಿತು. 2020ರಲ್ಲಿ ಅಮೆರಿಕದ ಮೊದಲ ಕೋವಿಡ್ ರೋಗಿಯ ಮಲದಲ್ಲಿಯೂ ವೈರಾಣುವಿನ ಆರ್‌ಎನ್‌ಎ ಕಂಡುಬಂತು. ಗಂಟಲಿನ ಪರೀಕ್ಷೆ ನೆಗೆಟಿವ್ ಆದ ಮೇಲೂ ಕೆಲವರ ಮಲದಲ್ಲಿ ಅದು ಉಳಿದದ್ದುಂಟು. ಆರ್‌ಎನ್‌ಎ ಸಿಕ್ಕ ಮಾತ್ರಕ್ಕೆ ಸೋಂಕು ತಗುಲಿಸಬಲ್ಲ ವೈರಾಣು ಇದೆಯೆಂದು ಅರ್ಥವಲ್ಲ; ಕೋವಿಡ್ ಹರಡುವುದು ಮುಖ್ಯವಾಗಿ ಉಸಿರಿನಿಂದಲೇ. ಆದರೆ ಯಾರ ಹೊಟ್ಟೆಯಲ್ಲಿ ಯಾವ ವೈರಾಣು ಇದೆಯೆಂಬುದು ಮುಖ ನೋಡಿದರೆ ತಿಳಿಯದು. ಆದುದರಿಂದ ಪ್ರತಿಯೊಬ್ಬ ರೋಗಿಯ ವಿಷಯದಲ್ಲಿಯೂ ಗವಸು, ಗೌನ್, ಮುಖಗವಸು, ಕಣ್ಣಿನ ರಕ್ಷಣೆ ಇರಲೇಬೇಕು. ಗಂಟಲಿನ ಮೂಲಕ ಕೊಳವೆ ಇಳಿಸುವಾಗ ಕೆಮ್ಮು, ಓಕರಿಕೆಗಳಿಂದ ಹನಿಗಳು ಸಿಡಿಯುತ್ತವೆ. ಕೊಳವೆ ತೊಳೆಯುವಾಗಲೂ ಸಿಡಿಯುತ್ತವೆ. ಅಪಾಯವು ವೈದ್ಯರೊಡನೆ ಕೊಠಡಿಯಿಂದ ಹೊರಟುಹೋಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಇಂತಹ ತ್ಯಾಜ್ಯವನ್ನು ನಿರ್ವಹಿಸುವ ಸಿಬ್ಬಂದಿಗೆ ಸಾಕಷ್ಟು ರಕ್ಷಣಾ ಸಾಧನ, ಹೆಪಟೈಟಿಸ್-ಬಿ ಮತ್ತು ಧನುರ್ವಾಯು ಲಸಿಕೆ, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಒದಗಿಸುವುದು ಆಸ್ಪತ್ರೆಯ ಕರ್ತವ್ಯ. ಸೋಂಕಿನ ವಿಶೇಷ ಅಪಾಯವಿರುವ ಉದ್ಯೋಗದಲ್ಲಿ ತಗುಲಿದ ಸಾಂಕ್ರಾಮಿಕ ರೋಗವನ್ನು 1923ರ ನೌಕರರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿಯು ಔದ್ಯೋಗಿಕ ರೋಗವೆಂದು ಪರಿಗಣಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇಂತಹ ಸಂದರ್ಭದಲ್ಲಿ ನೇಮಕಾತಿ ಪತ್ರ, ಹಾಜರಿ, ತಪಾಸಣಾ ವರದಿಗಳೇ ಸಾಕ್ಷ್ಯ; ಅವುಗಳ ಪ್ರತಿಗಳನ್ನು ಮನೆಯಲ್ಲಿ ಜೋಪಾನವಾಗಿಡಬೇಕು.

ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಕಲಿಯುತ್ತಿರುವ ಮಕ್ಕಳಲ್ಲಿ ನಾಳೆ ದಾದಿಯರೂ ತಂತ್ರಜ್ಞರೂ ಆಗುವವರಿದ್ದಾರೆ. ಅವರಿಗೆ ಸಾಬೂನಿನಿಂದ ಕೈ ತೊಳೆಯುವುದನ್ನು ಇಂದೇ ಕಲಿಸೋಣ. ನೊರೊ ವೈರಾಣುವಿಗೆ ಸ್ಯಾನಿಟೈಸರ್ ಸಾಲದು. ಅದರೊಡನೆ ಇನ್ನೊಂದನ್ನೂ ಕಲಿಸೋಣ: ರಕ್ಷಣೆ ಎಂಬುದು ಮೇಲಿನವರು ‘ಕೊಟ್ಟರೆ’ ದೊರೆಯುವ ಉಪಕಾರವಲ್ಲ, ಕೇಳಿ ಪಡೆಯಬೇಕಾದ ಹಕ್ಕು.